ಎಲೆ ಮಾತ್ರ ಬಿಡುವ ಅಮರಿಲ್ಲಿಸ್, ಅರಳದ ಟ್ಯುಲಿಪ್: ನಮ್ಮ ಬಯಲುಸೀಮೆಯ ಕೈತೋಟದಲ್ಲಿ ಗೆಡ್ಡೆ ಹೂಗಳು

ತುಮಕೂರಿನಿಂದ, ಚರ್ಚೆ ಆರಂಭಿಸಿದವರು (ಡಿಸೆಂಬರ್ ಕೊನೆಯ ವಾರ)

ಸಿದ್ಧಗಂಗೆಯ ಕಡೆಗೆ ಹೋಗುವ ದಾರಿಗೆ ಹತ್ತಿರದ ಬಡಾವಣೆಯೊಂದರಲ್ಲಿ ನಮ್ಮ ಮನೆಯಿದೆ. ಮನೆಯ ಮುಂದೆ ಹತ್ತಡಿ ಅಗಲದ ಕೆಮ್ಮಣ್ಣಿನ ಪಾತಿಯೂ ತಾರಸಿಯ ಮೇಲೆ ಮೂವತ್ತರಷ್ಟು ಕುಂಡಗಳೂ ಇವೆ. ದಾಸವಾಳ, ಮಲ್ಲಿಗೆ, ಕನಕಾಂಬರಗಳು ನಾನು ಗಮನ ಕೊಡದಿದ್ದರೂ ಹೂ ಬಿಡುತ್ತವೆ. ನನ್ನ ತೊಂದರೆಯೆಲ್ಲ ಗೆಡ್ಡೆಯಿಂದ ಬರುವ ಹೂಗಳದು. ಮೂರು ವರ್ಷಗಳ ಹಿಂದೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಕೆಂಪು ಅಮರಿಲ್ಲಿಸ್‌ನ ಆರು ಗೆಡ್ಡೆಗಳನ್ನು ತಂದು ಆರು ಕುಂಡಗಳಲ್ಲಿ ನೆಟ್ಟಿದ್ದೆ. ಮೊದಲ ವರ್ಷ ನಾಲ್ಕು ಕುಂಡಗಳಲ್ಲಿ ಹೂವಾಯಿತು, ಎರಡನೆಯ ವರ್ಷ ಒಂದರಲ್ಲಿ, ಈ ವರ್ಷ ಒಂದರಲ್ಲಿಯೂ ಇಲ್ಲ. ಎಲೆಗಳಿಗೆ ಮಾತ್ರ ಕೊರತೆಯಿಲ್ಲ. ಕುಂಡದ ತುಂಬ ಮರಿಗೆಡ್ಡೆಗಳೆದ್ದು ಒಂದನ್ನೊಂದು ಒತ್ತಿಕೊಂಡು ನಿಂತಿವೆ.

ಇದು ಸಾಲದೆಂಬಂತೆ ಕಳೆದ ವರ್ಷ ಅಂತರ್ಜಾಲದ ಅಂಗಡಿಯೊಂದರಿಂದ ಟ್ಯುಲಿಪ್‌ನ ಹತ್ತು ಗೆಡ್ಡೆಗಳನ್ನು ತರಿಸಿದೆ. ಚಿತ್ರದಲ್ಲಿ ಕಂಡ ಹೂವಿಗೂ ನನ್ನ ಕುಂಡಕ್ಕೂ ಯಾವ ಸಂಬಂಧವೂ ಉಂಟಾಗಲಿಲ್ಲ. ಜನವರಿಯಲ್ಲಿ ನೆಟ್ಟವು ಎರಡೆರಡು ಎಲೆ ಬಿಟ್ಟು, ಮಾರ್ಚ್ ಬಿಸಿಲಿಗೆ ಬಾಡಿದವು. ಅಗೆದು ನೋಡಿದರೆ ಅರ್ಧದಷ್ಟು ಕೊಳೆತು ನಾರುತ್ತಿದ್ದವು. ಯುಗಾದಿಯ ಹೊತ್ತಿಗೆ ಮನೆಯ ಮುಂದೆ ಗೆಡ್ಡೆ ಹೂಗಳು ಅರಳಿರಬೇಕೆಂಬುದು ನನ್ನ ಆಸೆ. ಅಮರಿಲ್ಲಿಸ್ ಏಕೆ ಮುನಿಸಿಕೊಂಡಿತು, ಟ್ಯುಲಿಪ್ ಇಲ್ಲಿ ಬರುತ್ತದೆಯೇ, ಬಾರದಿದ್ದರೆ ಅದರ ಬದಲಿಗೆ ಏನನ್ನು ಬೆಳೆಯಬಹುದು, ಇದ್ದ ಗೆಡ್ಡೆಯಿಂದ ಹೆಚ್ಚು ಗೆಡ್ಡೆ ಮಾಡಿಕೊಳ್ಳುವುದು ಹೇಗೆ ಎಂಬುದನ್ನು ಅನುಭವವುಳ್ಳವರು ತಿಳಿಸಬೇಕೆಂದು ಕೋರುತ್ತೇನೆ.

ಚಿಕ್ಕಬಳ್ಳಾಪುರದಿಂದ

ಟ್ಯುಲಿಪ್ ವಿಷಯವನ್ನು ನಾನು ಹೇಳುತ್ತೇನೆ, ಏಕೆಂದರೆ ಆ ಹುಚ್ಚು ನನಗೂ ಹಿಡಿದಿತ್ತು. ನಂದಿಬೆಟ್ಟ ಕಣ್ಣೆದುರಿಗೇ ಇರುವುದರಿಂದ ನಮ್ಮೂರಿನ ಚಳಿ ಸಾಕಾಗುತ್ತದೆ ಎಂದು ನಂಬಿದ್ದೆ. ಆದರೆ ಬೆಟ್ಟದ ನೆತ್ತಿ 1478 ಮೀಟರ್ ಎತ್ತರದಲ್ಲಿದೆ. ನಮ್ಮ ಊರು ಅದಕ್ಕಿಂತ ಐದುನೂರು ಮೀಟರಿಗೂ ಹೆಚ್ಚು ಕೆಳಗಿದೆ. ಡಿಸೆಂಬರ್ ರಾತ್ರಿಯ ಉಷ್ಣಾಂಶ ಇಲ್ಲಿ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಹಗಲಾದರೆ ಮತ್ತೆ 26 ದಾಟುತ್ತದೆ. ಟ್ಯುಲಿಪ್ ಮಧ್ಯ ಏಷ್ಯಾದ ಬೆಟ್ಟಗಳ ಗಿಡ. ಅದರ ಗೆಡ್ಡೆಯೊಳಗಿನ ಮೊಗ್ಗು ಉದ್ದಕ್ಕೆ ಬೆಳೆದು ಹೊರಬರಬೇಕಾದರೆ 9 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿ ಹನ್ನೆರಡರಿಂದ ಹದಿನಾರು ವಾರ ಕಳೆಯಬೇಕು. ಶ್ರೀನಗರದಲ್ಲಿ ದಾಲ್ ಸರೋವರದ ಮೇಲ್ಭಾಗದಲ್ಲಿ 2007ರಲ್ಲಿ ತೆರೆದ ಟ್ಯುಲಿಪ್ ತೋಟ ಮಾರ್ಚ್ ಕೊನೆಯಲ್ಲಿ ಅರಳಿ ನಿಲ್ಲುವುದು, ಅಲ್ಲಿ ನೆಲವೇ ತಿಂಗಳುಗಟ್ಟಲೆ ಆ ತಣ್ಣನೆಯ ಕೆಲಸವನ್ನು ಮಾಡಿಕೊಡುವುದರಿಂದ.

ನಾನು ಮಾಡಿದ್ದೇನೆಂದರೆ, ಸೆಪ್ಟೆಂಬರಿನಲ್ಲಿ ಗೆಡ್ಡೆಗಳನ್ನು ಕಾಗದದ ಚೀಲದಲ್ಲಿ ಹಾಕಿ ಫ್ರಿಜ್ಜಿನ ತರಕಾರಿ ಪೆಟ್ಟಿಗೆಯಲ್ಲಿ ಹದಿನಾಲ್ಕು ವಾರ ಇಟ್ಟೆ. ಮೊದಲ ಪ್ರಯತ್ನದಲ್ಲಿ ಅದೇ ಪೆಟ್ಟಿಗೆಯಲ್ಲಿ ಸೇಬು, ಬಾಳೆಹಣ್ಣು ಇದ್ದವು. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಗೆಡ್ಡೆಯೊಳಗಿನ ಮೊಗ್ಗು ಸುಟ್ಟುಹೋಗುತ್ತದೆಂಬುದು ಒಂದು ಸಾಲು ಗೆಡ್ಡೆ ಹಾಳಾದ ಮೇಲೆ ತಿಳಿಯಿತು. ಎರಡನೆಯ ವರ್ಷ ಹಣ್ಣುಗಳಿಂದ ಬೇರೆಯಾಗಿ ಇಟ್ಟು, ಡಿಸೆಂಬರ್ ಕೊನೆಯಲ್ಲಿ ನೆರಳಿನ ಕುಂಡದಲ್ಲಿ ನೆಟ್ಟಾಗ ಹನ್ನೆರಡರಲ್ಲಿ ಐದು ಅರಳಿದವು. ಕಾಂಡ ಗೇಣುದ್ದವೂ ಇರಲಿಲ್ಲ, ಹೂ ನಾಲ್ಕು ದಿನ ನಿಂತಿತು, ಮನೆಯವರೆಲ್ಲ ಚಿತ್ರ ತೆಗೆಸಿಕೊಂಡರು. ಆಮೇಲೆ ಗೆಡ್ಡೆ ಅಗೆದರೆ ಬೆಳ್ಳುಳ್ಳಿ ಎಸಳಿನ ಗಾತ್ರದ ಮೂರು ಮರಿಗಳು ಮಾತ್ರ ಉಳಿದಿದ್ದವು, ಅವು ಮುಂದೆ ಹೂ ಬಿಡಲೇ ಇಲ್ಲ. ನಮ್ಮ ಹವೆಯಲ್ಲಿ ಟ್ಯುಲಿಪ್ ಎಂದರೆ ಪ್ರತಿ ವರ್ಷ ಕೊಂಡು ಪ್ರತಿ ವರ್ಷ ಎಸೆಯುವ ಹೂ. ಆ ದುಡ್ಡಿಗೆ ನಮ್ಮ ಮಾರುಕಟ್ಟೆಯಲ್ಲಿ ಮೊಳಗಟ್ಟಲೆ ಸೇವಂತಿಗೆ ಬರುತ್ತದೆ.

ಕೋಲಾರದಿಂದ, ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕಿ

ಚಿಕ್ಕಬಳ್ಳಾಪುರದ ಸ್ನೇಹಿತರು ಬರೆದದ್ದು ಸರಿಯಾಗಿದೆ, ಆದರೆ ಅದರಿಂದ ಗೆಡ್ಡೆ ಹೂಗಳೆಲ್ಲವೂ ನಮಗೆ ದೂರವೆಂದು ಯಾರೂ ತಿಳಿಯಬಾರದು. ಗೆಡ್ಡೆಯೆಂಬುದು ಕೆಟ್ಟ ಕಾಲವನ್ನು ನೆಲದೊಳಗೆ ಕಳೆಯುವುದಕ್ಕಾಗಿ ಗಿಡ ಕಟ್ಟಿಕೊಂಡ ಬುತ್ತಿ. ಆ ಕೆಟ್ಟ ಕಾಲ ಕೆಲವು ನಾಡುಗಳಲ್ಲಿ ಹಿಮ, ಕೆಲವು ನಾಡುಗಳಲ್ಲಿ ಬರ. ಟ್ಯುಲಿಪ್, ಹಯಸಿಂತ್ ಮತ್ತು ಡ್ಯಾಫೋಡಿಲ್‌ಗಳು ಚಳಿಯಿಂದ ಎಚ್ಚರಗೊಳ್ಳುವ ಜಾತಿಯವು. ಅಮರಿಲ್ಲಿಸ್, ಮಳೆ ಲಿಲ್ಲಿ, ಫುಟ್‌ಬಾಲ್ ಲಿಲ್ಲಿಗಳು ಒಣ ಕಾಲದ ನಂತರ ಬೀಳುವ ಮೊದಲ ಮಳೆಯಿಂದ ಎಚ್ಚರಗೊಳ್ಳುವವು. ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆಗಳನ್ನೇ ನೆಚ್ಚಿದ ನಮ್ಮ ಸೀಮೆಯಲ್ಲಿ ಜನವರಿಯಿಂದ ಏಪ್ರಿಲ್ ನಡುವಿನವರೆಗೆ ನೆಲ ತಾನಾಗಿಯೇ ಒಣಗಿರುತ್ತದೆ. ಎರಡನೆಯ ಗುಂಪಿನವಕ್ಕೆ ಇದಕ್ಕಿಂತ ಒಳ್ಳೆಯ ಗಡಿಯಾರ ಬೇಕಿಲ್ಲ. ನಾವು ಕೊಳಾಯಿ ತಿರುಗಿಸಿ ಆ ಗಡಿಯಾರವನ್ನು ಕೆಡಿಸುತ್ತೇವೆ ಅಷ್ಟೆ.

ಇನ್ನು ನಿಮ್ಮ ಅಮರಿಲ್ಲಿಸ್. ಮೊದಲಿಗೆ ಹೆಸರಿನ ಮಾತು: ನಮ್ಮ ನರ್ಸರಿಗಳು ಅಮರಿಲ್ಲಿಸ್ ಎಂದು ಮಾರುವುದು ದಕ್ಷಿಣ ಅಮೆರಿಕಾ ಮೂಲದ ಹಿಪ್ಪಿಯಾಸ್ಟ್ರಮ್. ನಿಜವಾದ ಅಮರಿಲ್ಲಿಸ್ ದಕ್ಷಿಣ ಆಫ್ರಿಕಾದ ಬೇರೊಂದು ಗಿಡ. ವಿಲಿಯಂ ಹರ್ಬರ್ಟ್ ಎಂಬ ಇಂಗ್ಲೆಂಡಿನ ಪಾದ್ರಿ 1821ರಲ್ಲಿ ಈ ಹೊಸ ಕುಲದ ಹೆಸರನ್ನಿಟ್ಟ, ಇಂದಿಗೂ ಮಾರುಕಟ್ಟೆ ಅದನ್ನು ಒಪ್ಪಿಲ್ಲ. ಹೂ ಕಾಂಡವನ್ನು ಕತ್ತರಿಸಿ ನೋಡಿ; ಒಳಗೆ ಕೊಳವೆಯ ಹಾಗೆ ಪೊಳ್ಳಾಗಿದ್ದರೆ ಅದು ಹಿಪ್ಪಿಯಾಸ್ಟ್ರಮ್.

ಈ ಗಿಡ ಗೆಡ್ಡೆಯೊಳಗೆ ಸಾಮಾನ್ಯವಾಗಿ ನಾಲ್ಕು ಎಲೆಗೊಂದರಂತೆ ಹೂಮೊಗ್ಗನ್ನು ರಚಿಸುತ್ತ ಹೋಗುತ್ತದೆ. ಆ ಮೊಗ್ಗು ಹೊರಗೆ ಕಾಣಿಸಿಕೊಳ್ಳುವುದು ಸುಮಾರು ಒಂದು ವರ್ಷದ ಮೇಲೆ. ಆದ್ದರಿಂದ ಈ ಯುಗಾದಿಯ ಹೂವೆಂದರೆ ಹೋದ ಮಳೆಗಾಲದ ಎಲೆಗಳು ಸಂಪಾದಿಸಿದ ಗಂಟು. ಕುಂಡದಲ್ಲಿ ಮರಿಗಳು ಇಕ್ಕಟ್ಟಾಗಿ ಬೆಳೆದಾಗ, ಅಥವಾ ಗಿಡ ನೆರಳಿನಲ್ಲಿ ನಿಂತಾಗ ಎಲೆ ಉದ್ದವಾಗುತ್ತದೆ, ಗೆಡ್ಡೆ ದಪ್ಪವಾಗುವುದಿಲ್ಲ, ಒಳಗಿನ ಮೊಗ್ಗು ಹುಟ್ಟಿದಲ್ಲೇ ಒಣಗುತ್ತದೆ. ಗೆಡ್ಡೆಯ ಸುತ್ತಳತೆಯನ್ನು ಒಂದು ದಾರದಿಂದ ಅಳೆದು ನೋಡಿ. 20 ಸೆಂಟಿಮೀಟರಿನ ಸಮೀಪಕ್ಕಾದರೂ ಬಂದಿದ್ದರೆ ಹೂವಿನ ಆಸೆ ಇಟ್ಟುಕೊಳ್ಳಬಹುದು. ಒಂದು ವಿಷಯ ವಿಚಾರಿಸುತ್ತೇನೆ: ನೀವು ಈ ಕುಂಡಗಳಿಗೆ ವರ್ಷವಿಡೀ ನೀರು ಹಾಕುತ್ತೀರಾ, ಮತ್ತು ಗೆಡ್ಡೆಯನ್ನು ಮಣ್ಣಿನಲ್ಲಿ ಎಷ್ಟು ಆಳಕ್ಕೆ ನೆಟ್ಟಿದ್ದೀರಿ?

ತುಮಕೂರಿನಿಂದ, ಚರ್ಚೆ ಆರಂಭಿಸಿದವರು

ನೀರನ್ನು ಪ್ರತಿದಿನ ಹಾಕುತ್ತೇನೆ, ಮಲ್ಲಿಗೆಗೆ ಹಾಕುವಾಗ ಅದಕ್ಕೂ ಒಂದು ಚೆಂಬು ಎಂಬ ಲೆಕ್ಕ. ಗೆಡ್ಡೆಯನ್ನು ಪೂರ್ತಿಯಾಗಿ ಮುಚ್ಚಿ, ಮೇಲೆ ಎರಡು ಬೆರಳು ಮಣ್ಣು ಏರಿಸಿದ್ದೇನೆ. ಮಣ್ಣು ಎಂದರೆ ಅಂಗಡಿಯಿಂದ ತಂದ ತೆಂಗಿನ ನಾರಿನ ಪುಡಿಯೇ ಅರ್ಧ, ಉಳಿದದ್ದು ಗೊಬ್ಬರ. ತಿಪಟೂರು ನಮ್ಮ ಜಿಲ್ಲೆಯದೇ ಆದ ಕಾರಣ ನಾರಿನ ಪುಡಿ ಇಲ್ಲಿ ಧಾರಾಳವಾಗಿ ಸಿಗುತ್ತದೆ. ದಾರದಿಂದ ಅಳೆದೆ: ಎರಡು ಗೆಡ್ಡೆಗಳು 21 ಸೆಂಟಿಮೀಟರ್, ಒಂದು 17, ಉಳಿದ ಮೂರು ಅದಕ್ಕಿಂತ ಚಿಕ್ಕವು.

ಕೋಲಾರದಿಂದ, ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕಿ

ಹಾಗಾದರೆ ಉತ್ತರ ನಿಮ್ಮ ಚೆಂಬಿನಲ್ಲಿಯೇ ಇದೆ. ತೆಂಗಿನ ನಾರಿನ ಪುಡಿ ನೀರನ್ನು ಹಿಡಿದಿಡುವುದಕ್ಕೆ ಪ್ರಸಿದ್ಧವಾದದ್ದು, ಮೆಣಸಿನ ಸಸಿಗೆ ಅದು ಗುಣ, ಈರುಳ್ಳಿಯಂತಹ ಗೆಡ್ಡೆಗೆ ಅದೇ ದೋಷ. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ, ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಇಷ್ಟು ಸಾಕು. ಎಂ-ಸ್ಯಾಂಡ್ ಬಳಸುವುದಾದರೆ ತೊಳೆದು ಬಳಸಿ, ಅದರೊಳಗಿನ ಕಲ್ಲುಪುಡಿ ನೀರಿನ ದಾರಿಯನ್ನು ಕಟ್ಟುತ್ತದೆ. ಕೆರೆಗೋಡು ಹೊಲಕ್ಕೆ ಬಂಗಾರವೇ ಆದರೂ ಕುಂಡದಲ್ಲಿ ಅದು ಗಟ್ಟಿಯಾಗಿ ಹೆಪ್ಪುಗಟ್ಟುವುದರಿಂದ ಹಿಡಿಯಷ್ಟಕ್ಕಿಂತ ಹೆಚ್ಚು ಬೇಡ. ಗೆಡ್ಡೆಯ ಕತ್ತು ಮತ್ತು ಮೇಲಿನ ಮೂರನೆಯ ಒಂದು ಭಾಗ ಮಣ್ಣಿನ ಮೇಲೆ ಕಾಣುತ್ತಿರಬೇಕು.

ಈಗ ಡಿಸೆಂಬರ್ ಮುಗಿಯುತ್ತಿದೆ. ಜನವರಿ ಮೊದಲ ವಾರದಿಂದ ನೀರನ್ನು ಪೂರ್ತಿಯಾಗಿ ನಿಲ್ಲಿಸಿ, ಕುಂಡಗಳನ್ನು ಮಳೆ ಇಬ್ಬನಿ ತಾಗದ, ಬೆಳಕಿರುವ ಜಗಲಿಗೆ ಸರಿಸಿ. ಎಲೆಗಳು ಹಳದಿಯಾಗಿ ತಾವಾಗಿಯೇ ಒರಗಲಿ. ಹಸಿರೆಲೆಯನ್ನು ಕತ್ತರಿಸಿದರೆ ಗೆಡ್ಡೆಗೆ ಇಳಿಯಬೇಕಾದ ಸತ್ವವನ್ನು ನೀವೇ ಕಸದ ಬುಟ್ಟಿಗೆ ಹಾಕಿದಂತಾಗುತ್ತದೆ. ಎಂಟರಿಂದ ಹತ್ತು ವಾರ ಕಳೆದ ಮೇಲೆ, ಮಾರ್ಚ್ ನಡುವಿನಲ್ಲಿ, ಗೆಡ್ಡೆಯನ್ನು ಹೊರತೆಗೆದು, ಮರಿಗಳನ್ನು ಬಿಡಿಸಿ, ಹೊಸ ಮಣ್ಣಿನಲ್ಲಿ ನೆಟ್ಟು, ಒಮ್ಮೆ ಚೆನ್ನಾಗಿ ನೀರು ಹಾಕಿ. ಮೂಗು, ಅಂದರೆ ಮೊಳಕೆಯ ತುದಿ, ಮೇಲೇಳುವವರೆಗೆ ಮತ್ತೆ ಹೆಚ್ಚು ನೀರು ಬೇಡ.

ಶಿರಾದಿಂದ

ನಾನು ನೀರನ್ನು ನಿಲ್ಲಿಸುವುದೇ ಇಲ್ಲ, ಎಲೆಯೂ ಒಣಗುವುದಿಲ್ಲ, ಆದರೂ ಪ್ರತಿ ಏಪ್ರಿಲಿನಲ್ಲಿ ನಮ್ಮ ಬಾವಿಕಟ್ಟೆಯ ಪಕ್ಕದ ಸಾಲು ಅರಳುತ್ತದೆ. ಆದ್ದರಿಂದ ಒಣಗಿಸುವುದು ಕಡ್ಡಾಯವೆಂಬ ಮಾತನ್ನು ನಾನು ಒಪ್ಪಲಾರೆ.

ಕೋಲಾರದಿಂದ, ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕಿ

ಶಿರಾದವರ ಆಕ್ಷೇಪ ನ್ಯಾಯವಾದದ್ದು, ನನ್ನ ಮಾತನ್ನು ಅಷ್ಟರಮಟ್ಟಿಗೆ ತಿದ್ದಿಕೊಳ್ಳುತ್ತೇನೆ. ನೆಲದಲ್ಲಿ, ಇಡೀ ದಿನ ಬಿಸಿಲಿನಲ್ಲಿ, ಬೇರಿಗೆ ಬೇಕಾದಷ್ಟು ಜಾಗವಿದ್ದು ಬೆಳೆದ ಗೆಡ್ಡೆಗೆ ಸಂಪೂರ್ಣ ವಿಶ್ರಾಂತಿ ಕಡ್ಡಾಯವಲ್ಲ. ಅದರ ಬುತ್ತಿ ತುಂಬಿರುತ್ತದೆ. ನಾರಿನ ಪುಡಿಯ ಕುಂಡದಲ್ಲಿ ದಿನವೂ ತೇವದಲ್ಲಿ ಕುಳಿತ ಗೆಡ್ಡೆಯ ಸ್ಥಿತಿ ಬೇರೆ. ಅದಕ್ಕೆ ವಿಶ್ರಾಂತಿ ಕೊಟ್ಟರೆ ಕೊಳೆಯುವುದೂ ತಪ್ಪುತ್ತದೆ, ಹೂವು ಚದುರದೆ ಒಂದೇ ಕಾಲಕ್ಕೆ ಬರುತ್ತದೆ.

ಚಿಂತಾಮಣಿಯಿಂದ, ಹೂ ಬೆಳೆಗಾರ

ಮನೆತೋಟದವರು ವಿದೇಶಿ ಹೂವಿನ ಬೆನ್ನು ಹತ್ತುವಾಗ ಸುಗಂಧರಾಜವನ್ನು ಮರೆಯುವುದನ್ನು ನೋಡಿದರೆ ನನಗೆ ಬೇಸರವಾಗುತ್ತದೆ. ಅದೂ ಮೆಕ್ಸಿಕೋದಿಂದ ಬಂದ ಗೆಡ್ಡೆಯೇ, ಆದರೆ ನಮ್ಮ ದೇವರ ಹಾರಕ್ಕೂ ಮದುವೆಯ ಹಾರಕ್ಕೂ ಸೇರಿಕೊಂಡ ಮೇಲೆ ಅದನ್ನು ಹೊರಗಿನದೆಂದು ಯಾರೂ ಎಣಿಸುವುದಿಲ್ಲ. ನಾನು ಅರ್ಧ ಎಕರೆಯಲ್ಲಿ ಬೆಳೆಯುತ್ತೇನೆ. ಮನೆಯ ಪಾತಿಗೂ ಲೆಕ್ಕ ಅದೇ: ಎರಡೂವರೆಯಿಂದ ಮೂರು ಸೆಂಟಿಮೀಟರ್ ದಪ್ಪದ ಗೆಡ್ಡೆಗಳನ್ನು ಆರಿಸಿಕೊಳ್ಳಿ, ಒಂದಡಿ ಅಂತರದ ಸಾಲಿನಲ್ಲಿ ಮುಕ್ಕಾಲು ಅಡಿಗೊಂದರಂತೆ, ಎರಡು ಅಂಗುಲ ಆಳಕ್ಕೆ ನೆಡಿ. ಮಾರ್ಚ್ ಏಪ್ರಿಲಿನಲ್ಲಿ ನೆಟ್ಟರೆ ಮೂರು ತಿಂಗಳಿಗೆ ಮೊದಲ ಹೂ ಕಡ್ಡಿ ಬರುತ್ತದೆ. ನಿಮ್ಮ ಯುಗಾದಿಗೆ ಇದು ಸಿಗಲಾರದು, ಆದರೆ ವರಮಹಾಲಕ್ಷ್ಮಿ ಹಬ್ಬಕ್ಕೆ ಮನೆಯ ಹೂವೇ ಆಗುತ್ತದೆ, ಆ ವಾರ ಮಾರುಕಟ್ಟೆಯ ಬೆಲೆ ಕೇಳಿದವರಿಗೆ ಇದರ ಬೆಲೆ ಗೊತ್ತು.

ತಳಿಯ ವಿಷಯದಲ್ಲಿ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕೊಟ್ಟ ಶೃಂಗಾರ್, ಪ್ರಜ್ವಲ್ ಇವು ಒಂದು ಸುತ್ತಿನ ದಳದವು, ಬಿಡಿ ಹೂವಿಗೆ ಮತ್ತು ವಾಸನೆಗೆ ಒಳ್ಳೆಯವು. ಸುವಾಸಿನಿ ಹಲವು ಸುತ್ತಿನ ದಳದ್ದು, ಹೂದಾನಿಗೆ ಚೆಂದ. ಬೇರುಗಂಟು ಜಂತು ನಮ್ಮ ಕಡೆಯ ತೋಟಗಳಲ್ಲಿ ದೊಡ್ಡ ಪೀಡೆ; ಶೃಂಗಾರ್ ಅದನ್ನು ಸಹಿಸಿಕೊಳ್ಳುತ್ತದೆ. ಬೇರೆ ತಳಿಯಾದರೆ ಮೊದಲು ಒಂದು ಬೆಳೆ ಚೆಂಡು ಹೂವನ್ನು ಅದೇ ಪಾತಿಯಲ್ಲಿ ಬೆಳೆದು ಆಮೇಲೆ ಸುಗಂಧರಾಜವನ್ನು ನೆಡುವುದು ಉತ್ತಮ.

ಬಹಳ ಜನಕ್ಕೆ ತಿಳಿಯದ ಸಂಗತಿಯೊಂದಿದೆ. ಸುಗಂಧರಾಜದ ಒಂದು ಗೆಡ್ಡೆ ಹೂ ಬಿಡುವುದು ಒಂದೇ ಸಲ. ಹೂ ಕಡ್ಡಿ ಬಂದ ತಾಯಿಗೆಡ್ಡೆ ಅಲ್ಲಿಗೆ ತೀರಿತು, ಮುಂದಿನ ಹೂ ಅದರ ಸುತ್ತ ಎದ್ದ ಮರಿಗಳದು. ಹೀಗಾಗಿ ಬುಡ ಬರಬರುತ್ತ ದಟ್ಟವಾಗಿ, ಮೂರನೆಯ ವರ್ಷಕ್ಕೆ ಹುಲ್ಲಿನ ಕಂತೆಯಂತಾಗುತ್ತದೆ, ಕಡ್ಡಿ ಗಿಡ್ಡವಾಗುತ್ತದೆ. ಆಗ ಬುಡವನ್ನು ಅಗೆದು, ಮರಿಗಳನ್ನು ಗಾತ್ರದಂತೆ ವಿಂಗಡಿಸಿ, ನೆರಳಿನಲ್ಲಿ ಹರಡಿ ಒಂದು ತಿಂಗಳು ಒಣಗಿಸಿ ಮತ್ತೆ ನೆಡಬೇಕು. ಚಿಕ್ಕ ಮರಿಗಳನ್ನು ಬೇರೆ ಸಾಲಿನಲ್ಲಿ ಹಾಕಿದರೆ ಅವು ಒಂದು ವರ್ಷ ಎಲೆಯಲ್ಲಿ ಕಳೆದು ಮರುವರ್ಷ ಕಡ್ಡಿ ಕೊಡುತ್ತವೆ.

ಗೌರಿಬಿದನೂರಿನಿಂದ

ಯುಗಾದಿಯ ನಂತರದ ಹೂಗಳೆಂದರೆ ನನ್ನ ಮಟ್ಟಿಗೆ ಮಳೆ ಲಿಲ್ಲಿ ಮತ್ತು ಫುಟ್‌ಬಾಲ್ ಲಿಲ್ಲಿ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎನ್ನುತ್ತಾರಲ್ಲ, ಆ ಮಳೆ ಬಿದ್ದ ನಾಲ್ಕೈದು ದಿನಕ್ಕೆ ನಮ್ಮ ಕಾಂಪೌಂಡಿನ ಅಂಚಿನಲ್ಲಿ ಗುಲಾಬಿ ಬಣ್ಣದ ಮಳೆ ಲಿಲ್ಲಿಗಳು ಒಂದೇ ಬೆಳಿಗ್ಗೆ ನೂರಾರು ಎದ್ದುಬಿಡುತ್ತವೆ. ಜೆಫಿರಾಂಥಸ್ ಎಂಬುದು ಅದರ ಸಸ್ಯಶಾಸ್ತ್ರದ ಹೆಸರು. ಬಿಳಿಯ ಜಾತಿಯೊಂದಿದೆ, ಅದರ ಎಲೆ ವರ್ಷವಿಡೀ ಹಸಿರಾಗಿರುತ್ತದೆ, ಹೂ ಬರುವುದು ಶ್ರಾವಣದಿಂದ ಮುಂದೆ. ಹಳದಿಯದೂ ಇದೆ. ಹತ್ತು ಗೆಡ್ಡೆಗಳನ್ನು ಒಂದೇ ಗುಂಪಾಗಿ ನೆಟ್ಟರೆ ಚೆಂದ. ಬಿಡಿಬಿಡಿಯಾಗಿ ನೆಟ್ಟರೆ ಹುಲ್ಲೆಂದು ತಿಳಿದು ಯಾರಾದರೂ ಕಿತ್ತೆಸೆಯುತ್ತಾರೆ, ನಮ್ಮಲ್ಲಿ ಹಾಗೆಯೇ ಆಯಿತು. ಮೂರು ನಾಲ್ಕು ವಾರ ಒಣಗಿಸಿ ಒಮ್ಮೆ ನೀರು ನಿಲ್ಲುವಂತೆ ಹಾಯಿಸಿದರೂ ಹೂ ಬರುತ್ತದೆ, ಆದರೆ ನಿಜವಾದ ಮಳೆಗೆ ಬರುವ ಹೂವಿನ ಅರ್ಧವೂ ಅಲ್ಲ. ಮಳೆಯ ಜೊತೆಗೆ ಇಳಿಯುವ ತಂಪು ಕೊಳಾಯಿ ನೀರಿನಿಂದ ಬರುವುದಿಲ್ಲ ಎಂದು ನನ್ನ ಊಹೆ.

ಫುಟ್‌ಬಾಲ್ ಲಿಲ್ಲಿ ಆಫ್ರಿಕಾದ ಸ್ಕಾಡಾಕ್ಸಸ್. ನಮ್ಮ ಮನೆಗಳಲ್ಲಿ ಮೇ ಫ್ಲವರ್ ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಚಳಿಗಾಲದಲ್ಲಿ ನೆಲದ ಮೇಲೆ ಅದರ ಗುರುತೂ ಇರುವುದಿಲ್ಲ; ಮೊದಲ ಮಳೆಗೆ ಬರೀ ಕಾಂಡವೊಂದು ಎದ್ದು, ಅದರ ತುದಿಯಲ್ಲಿ ನೂರಕ್ಕೂ ಹೆಚ್ಚು ಸಣ್ಣ ಹೂಗಳು ಸೇರಿ ಕೆಂಪು ಚೆಂಡಾಗುತ್ತವೆ. ಇದಕ್ಕೆ ತಾರಸಿಯ ಬಿಸಿಲು ಬೇಡ, ಮಾವಿನ ಮರದ ಅಥವಾ ಹೊಂಗೆಯ ಮರದ ತೂತುನೆರಳು ಬೇಕು. ಪದೇಪದೇ ಅಗೆದರೆ ಅದು ಒಂದು ವರ್ಷ ಮೌನವಾಗುತ್ತದೆ. ಗೆಡ್ಡೆ ಎಲ್ಲಿದೆಯೆಂದು ಕಲ್ಲೊಂದನ್ನು ಗುರುತಿಗೆ ಇಡಿ, ಚಳಿಗಾಲದಲ್ಲಿ ಗುದ್ದಲಿ ಹಾಕಿ ಎರಡು ತುಂಡು ಮಾಡಿದವರಲ್ಲಿ ನಾನೂ ಒಬ್ಬ.

ಇನ್ನೊಂದು ಎಚ್ಚರಿಕೆಯ ಮಾತು. ಅಮರಿಲ್ಲಿಸ್ ಕುಟುಂಬದ ಈ ಗೆಡ್ಡೆಗಳಲ್ಲಿ ಲೈಕೋರಿನ್ ಎಂಬ ವಿಷವಿದೆ, ತಿಂದರೆ ವಾಂತಿಯಾಗುತ್ತದೆ. ಒಣಗಿಸಲೆಂದು ನಾನು ಅಡುಗೆಮನೆಯ ಹಿಂದೆ ಹರಡಿದ್ದ ಗೆಡ್ಡೆಗಳನ್ನು ನಮ್ಮ ತಾಯಿಯವರು ಈರುಳ್ಳಿ ಬುಟ್ಟಿಗೆ ತುಂಬಿಸಿದ್ದರು. ಸಾರಿಗೆ ಹೆಚ್ಚುವಾಗ ಕಣ್ಣಲ್ಲಿ ನೀರು ಬರಲಿಲ್ಲವೆಂಬ ಅನುಮಾನದಿಂದ ಕೇಳಿದರು, ಅಷ್ಟರಿಂದ ಉಳಿದೆವು. ಅಂದಿನಿಂದ ಗೆಡ್ಡೆಗಳು ನಮ್ಮ ಮನೆಯಲ್ಲಿ ಅಟ್ಟದ ಮೇಲೆ, ಹೆಸರು ಬರೆದ ಚೀಲದಲ್ಲಿ ಇರುತ್ತವೆ.

ತಿಪಟೂರಿನಿಂದ

ಗ್ಲಾಡಿಯೋಲಸ್ ಬಗ್ಗೆ ಯಾರೂ ಹೇಳಲಿಲ್ಲ. ಅಕ್ಟೋಬರ್ ಆರಂಭದಲ್ಲಿ ನೆಟ್ಟರೆ ಸಂಕ್ರಾಂತಿಯ ಹೊತ್ತಿಗೆ ನಮ್ಮಲ್ಲಿ ಚೆನ್ನಾಗಿ ಬರುತ್ತದೆ. ಇಲ್ಲಿ ಹಳೆಯ ಗೆಡ್ಡೆ ಸೊರಗಿ, ಅದರ ತಲೆಯ ಮೇಲೆಯೇ ಹೊಸ ಗೆಡ್ಡೆ ಕಟ್ಟುತ್ತದೆ, ನಡುವೆ ಕಡಲೆಕಾಳಿನಂತಹ ಮರಿಗಳು ಗೊಂಚಲಾಗಿ ಇರುತ್ತವೆ. ಹೂ ಕಡ್ಡಿ ಕೊಯ್ಯುವಾಗ ನಾಲ್ಕೈದು ಎಲೆಗಳನ್ನು ಗಿಡದಲ್ಲಿ ಬಿಡಲೇಬೇಕು, ಆಮೇಲೆ ಆರರಿಂದ ಎಂಟು ವಾರ ಕಾದು ಅಗೆಯಬೇಕು. ಅಗೆದ ಕೂಡಲೇ ನೆಟ್ಟರೆ ಮೊಳೆಯುವುದಿಲ್ಲ. ಎರಡು ಮೂರು ತಿಂಗಳು ಅದು ಮಲಗಿಯೇ ಇರುತ್ತದೆ.

ಮಧುಗಿರಿಯಿಂದ

ಅಮರಿಲ್ಲಿಸ್‌ನಲ್ಲಿ ಮರಿಗಳು ವರ್ಷಕ್ಕೆ ಎರಡೋ ಮೂರೋ ಮಾತ್ರ ಬರುತ್ತವೆ. ಒಳ್ಳೆಯ ಬಣ್ಣದ ಒಂದೇ ಗೆಡ್ಡೆ ಇದ್ದಾಗ ಅದನ್ನು ಬೇಗ ಹೆಚ್ಚಿಸುವ ಉಪಾಯವಿದೆಯೇ? ಕತ್ತರಿಸಿ ನೆಡುತ್ತಾರೆಂದು ಕೇಳಿದ್ದೇನೆ, ಆದರೆ ಇರುವ ಒಂದನ್ನೂ ಕಳೆದುಕೊಳ್ಳುವ ಭಯ.

ಕೋಲಾರದಿಂದ, ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕಿ

ಭಯ ಸಹಜ, ಅದಕ್ಕಾಗಿಯೇ ಮೊದಲು ಸಾಧಾರಣ ಕೆಂಪು ಗೆಡ್ಡೆಯೊಂದರ ಮೇಲೆ ಕೈ ಪಳಗಿಸಿಕೊಳ್ಳಿ. ಮೂಲತತ್ವ ಸರಳವಾಗಿದೆ: ಗೆಡ್ಡೆಯ ತಳದಲ್ಲಿ, ಬೇರು ಹುಟ್ಟುವ ಗಟ್ಟಿಯಾದ ಬಿಲ್ಲೆಯಿದೆಯಲ್ಲ, ಹೊಸ ಮರಿ ಹುಟ್ಟುವ ಶಕ್ತಿಯಿರುವುದು ಅದಕ್ಕೆ. ಆ ಬಿಲ್ಲೆಯ ಚೂರು ಅಂಟಿಕೊಂಡಿರದ ಪದರವನ್ನು ಎಷ್ಟು ಆರೈಕೆ ಮಾಡಿದರೂ ಮರಿಯಾಗುವುದಿಲ್ಲ. ವಿಶ್ರಾಂತಿಯಲ್ಲಿರುವ ಆರೋಗ್ಯವಂತ ಗೆಡ್ಡೆಯನ್ನು ತೊಳೆದು, ಒಣ ಸಿಪ್ಪೆ ತೆಗೆದು, ಕತ್ತನ್ನು ಕತ್ತರಿಸಿ, ಬೇರುಗಳನ್ನು ಮೊಟಕುಗೊಳಿಸಿ. ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿದ ತೆಳುವಾದ ಚಾಕುವಿನಿಂದ, ಕಿತ್ತಳೆಯ ತೊಳೆಗಳಂತೆ, ಮೇಲಿನಿಂದ ಕೆಳಕ್ಕೆ ಎಂಟು ಭಾಗ ಮಾಡಿ. ಗೆಡ್ಡೆ ದಪ್ಪವಿದ್ದರೆ ಹನ್ನೆರಡು, ಹದಿನಾರೂ ಆಗುತ್ತದೆ, ಆದರೆ ಪ್ರತಿಯೊಂದು ತೊಳೆಯ ಬುಡದಲ್ಲಿಯೂ ಬಿಲ್ಲೆಯ ಚೂರು ಉಳಿದಿರಬೇಕು. ಕತ್ತರಿಸಿದ ತೊಳೆಗಳನ್ನು ಲೀಟರ್ ನೀರಿಗೆ ಎರಡು ಗ್ರಾಂ ಕಾರ್ಬೆಂಡಜಿಂ ಎಂಬ ಶಿಲೀಂಧ್ರನಾಶಕ ಬೆರೆಸಿದ ದ್ರಾವಣದಲ್ಲಿ ಅರ್ಧ ಗಂಟೆ ಅದ್ದಿಟ್ಟು, ಕೈಗವಸು ಹಾಕಿಕೊಂಡು ತೆಗೆದು, ನೆರಳಿನಲ್ಲಿ ಒಂದು ದಿನ ಆರಿಸಿ.

ನಂತರ ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಮಾತ್ರ ತೇವವಿರುವ ನಾರಿನ ಪುಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಅದರೊಳಗೆ ತೊಳೆಗಳನ್ನು ಹುದುಗಿಸಿ, ಬಾಯಿ ಕಟ್ಟಿ, ಮನೆಯೊಳಗೆ ಕತ್ತಲೆಯ ಕಪಾಟಿನಲ್ಲಿ ಇಡಿ. ಇಲ್ಲಿ ಮಾತ್ರ ನಾರಿನ ಪುಡಿಯ ಬಗ್ಗೆ ನನ್ನ ತಕರಾರಿಲ್ಲ. ವಾರಕ್ಕೊಮ್ಮೆ ಬಿಚ್ಚಿ ಗಾಳಿಯಾಡಿಸಿ, ಮೆತ್ತಗಾದ ತೊಳೆಯನ್ನು ತೆಗೆದುಹಾಕಿ. ಎಂಟರಿಂದ ಹನ್ನೆರಡು ವಾರಗಳಲ್ಲಿ ಪದರಗಳ ಸಂದಿನಲ್ಲಿ, ಬಿಲ್ಲೆಗೆ ತಾಗಿದಂತೆ, ಬಿಳಿಯ ಮುತ್ತಿನಂತಹ ಮರಿಗಳು ಕಾಣುತ್ತವೆ. ಆಗ ತೊಳೆಯ ಸಮೇತ ಮರಳು ಬೆರೆಸಿದ ಮಣ್ಣಿಗೆ ಇಳಿಸಬೇಕು. ಹೂವಿಗೆ ಎರಡು ಮೂರು ವರ್ಷ ಕಾಯಬೇಕಾಗುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ ಎಂಟರಲ್ಲಿ ಆರು ತೊಳೆಗಳು ಕೊಳೆತವು, ಚೀಲದಲ್ಲಿ ನೀರು ಹೆಚ್ಚಾಗಿತ್ತು. ಮರುವರ್ಷ ಎಂಟರಲ್ಲಿ ಏಳು ಉಳಿದು ಹನ್ನೊಂದು ಮರಿಗಳಾದವು.

ತುಮಕೂರಿನಿಂದ, ಚರ್ಚೆ ಆರಂಭಿಸಿದವರು (ಏಪ್ರಿಲ್ ಎರಡನೆಯ ವಾರ)

ನೀವು ಹೇಳಿದಂತೆಯೇ ಜನವರಿಯಲ್ಲಿ ನೀರು ನಿಲ್ಲಿಸಿದೆ. ಎಲೆಗಳು ಹಳದಿಯಾಗಿ ಮಲಗಿದಾಗ ಮನೆಯವರೆಲ್ಲ ಗಿಡ ಸತ್ತಿತೆಂದರು, ನನಗೂ ನಡುವೆ ಎರಡು ಸಲ ಚೆಂಬು ಹಿಡಿದುಕೊಂಡು ಹೋಗುವ ಮನಸ್ಸಾಯಿತು. ಮಾರ್ಚ್ ನಡುವಿನಲ್ಲಿ ಅಗೆದಾಗ ಆರು ಕುಂಡಗಳಿಂದ ಹದಿನಾಲ್ಕು ಮರಿಗಳು ಸಿಕ್ಕಿದವು, ಅವನ್ನು ಮುಂದಿನ ಪಾತಿಯಲ್ಲಿ ಸಾಲಾಗಿ ನೆಟ್ಟಿದ್ದೇನೆ. ಈಗ ದಪ್ಪನೆಯ ಎರಡು ಗೆಡ್ಡೆಗಳಲ್ಲಿ ಮೊಗ್ಗಿನ ಮೂಗು ಕಾಣಿಸಿಕೊಂಡಿದೆ, ಎಲೆಗಿಂತ ಮೊದಲೇ. ಆದರೆ ಹೊಸದೊಂದು ಪೀಡೆ ಬಂದಿದೆ: ಪಕ್ಕದ ಮನೆಯವರು ಕೊಟ್ಟ ಸ್ಪೈಡರ್ ಲಿಲ್ಲಿಯ ಎಲೆಯ ಮೇಲೆ ಕಪ್ಪು ಮೈಯಲ್ಲಿ ಬಿಳಿ, ಕೆಂಪು ಚುಕ್ಕೆಗಳಿರುವ ಹುಳುಗಳು ಗುಂಪಾಗಿ ಕುಳಿತು ಒಂದೇ ರಾತ್ರಿಯಲ್ಲಿ ಅರ್ಧ ಎಲೆಯನ್ನು ತಿಂದು ಮುಗಿಸಿವೆ. ಮೊಗ್ಗಿಗೆ ಬರುವ ಮೊದಲು ಏನು ಮಾಡಬೇಕು? ಅಮರಿಲ್ಲಿಸ್‌ನ ಹಳೆಯ ಎಲೆಯೊಂದರಲ್ಲಿ ಕೆಂಪು ಗೀರುಗಳೂ ಕಾಣುತ್ತಿವೆ.

ಗೌರಿಬಿದನೂರಿನಿಂದ

ಅದು ಲಿಲ್ಲಿ ಪತಂಗದ ಮರಿಹುಳು. ಔಷಧಕ್ಕೆ ಓಡುವ ಮೊದಲು ಬೆಳಗಿನ ಜಾವ ಮತ್ತು ಸಂಜೆ ಕೈಯಿಂದ ಆರಿಸಿ ಸಾಬೂನು ನೀರಿನ ಡಬ್ಬಿಗೆ ಹಾಕಿ. ನಾಲ್ಕು ದಿನ ಬಿಡದೆ ಮಾಡಿದರೆ ಮುಗಿಯುತ್ತದೆ. ಒಳಗೆ ಕೊರೆದುಕೊಂಡು ಹೋದರೆ ಗೆಡ್ಡೆಯೇ ಹೋಗುತ್ತದೆ, ಆದ್ದರಿಂದ ಎಲೆಯ ಬುಡವನ್ನು ಬಿಡಿಸಿ ನೋಡಿ. ಹುಳು ಚಿಕ್ಕದಿರುವಾಗ ಬಿಟಿ ಪುಡಿಯನ್ನು (ಮರಿಹುಳುಗಳನ್ನು ಕೊಲ್ಲುವ ಬ್ಯಾಕ್ಟೀರಿಯಾದ ಪುಡಿ) ನೀರಿನಲ್ಲಿ ಕಲಸಿ ಸಂಜೆ ಸಿಂಪಡಿಸಿದರೂ ನಡೆಯುತ್ತದೆ. ಕೋಶವಾಗುವುದು ಮಣ್ಣಿನಲ್ಲಿಯೇ ಆದುದರಿಂದ ಆ ಪಾತಿಯ ಮೇಲ್ಮಣ್ಣನ್ನು ಕೆದಕಿ ಬಿಸಿಲಿಗೆ ಬಿಡಬೇಕು.

ಕೋಲಾರದಿಂದ, ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕಿ

ಕೆಂಪು ಗೀರು ಎರಡು ಕಾರಣಕ್ಕೆ ಬರುತ್ತದೆ. ಎಲೆಗೆ ಪೆಟ್ಟಾದರೂ ಈ ಗಿಡ ಆ ಜಾಗದಲ್ಲಿ ಕೆಂಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಗೀರು ಹಿಗ್ಗುತ್ತ, ನಡುವೆ ತಗ್ಗಾಗಿ, ಎಲೆ ಅಲ್ಲಿಯೇ ಬಾಗಿದರೆ ಅದು ಕೆಂಪು ಮಚ್ಚೆಯ ಶಿಲೀಂಧ್ರ. ಆ ಎಲೆಯನ್ನು ಕತ್ತರಿಸಿ ಸುಟ್ಟುಹಾಕಿ, ನೀರನ್ನು ಎಲೆಯ ಮೇಲೆ ಸುರಿಯದೆ ಬುಡಕ್ಕೆ ಮಾತ್ರ ಕೊಡಿ. ನಿಮ್ಮ ಊರಿನ ಸಮೀಪ ಹಿರೇಹಳ್ಳಿಯಲ್ಲಿಯೇ ಕೃಷಿ ವಿಜ್ಞಾನ ಕೇಂದ್ರವಿದೆ. ರೋಗ ಹಿಡಿದ ಎಲೆಯನ್ನು ಕಾಗದದಲ್ಲಿ ಸುತ್ತಿ ಒಯ್ದು ತೋರಿಸಿದರೆ ನಾನು ದೂರದಿಂದ ಹೇಳುವುದಕ್ಕಿಂತ ಖಚಿತವಾದ ಸಲಹೆ ಸಿಗುತ್ತದೆ.

ತುಮಕೂರಿನಿಂದ, ಚರ್ಚೆ ಆರಂಭಿಸಿದವರು (ಮೇ ಎರಡನೆಯ ವಾರ)

ಎರಡು ಗೆಡ್ಡೆಗಳು ಅರಳಿದವು, ಒಂದರಲ್ಲಿ ನಾಲ್ಕು ಹೂ, ಇನ್ನೊಂದರಲ್ಲಿ ಮೂರು. ಯುಗಾದಿಗೆ ಸಿಗಲಿಲ್ಲ, ಆದರೆ ಬಸವ ಜಯಂತಿಯ ದಿನ ಬಾಗಿಲಲ್ಲಿ ನಿಂತು ನೋಡಿದೆವು. 17 ಸೆಂಟಿಮೀಟರಿನದು ಎಲೆ ಮಾತ್ರ ಬಿಟ್ಟಿದೆ. ಗೌರಿಬಿದನೂರಿನವರು ಅಂಚೆಯಲ್ಲಿ ಕಳುಹಿಸಿದ ಮಳೆ ಲಿಲ್ಲಿಗಳು ಹೋದ ವಾರದ ಮಳೆಗೆ ಐದು ಹೂ ಕೊಟ್ಟವು. ಈಗ ಕೇಳಬೇಕಾದದ್ದು ಇಷ್ಟು: ಒಂದು ಹೂವಿನ ಪರಾಗವನ್ನು ಮತ್ತೊಂದು ಗಿಡದ ಹೂವಿಗೆ ಬೆರಳಿನಿಂದ ಸವರಿದ್ದೆ, ಅಲ್ಲಿ ಕಾಯಿ ಕಟ್ಟಿ ಉಬ್ಬುತ್ತಿದೆ. ಇದನ್ನು ಬಿಡಲೇ, ತೆಗೆಯಲೇ?

ಕೋಲಾರದಿಂದ, ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕಿ

ಬೀಜ ಬೇಡವಾಗಿದ್ದರೆ ಕಾಯಿಯನ್ನು ಕೂಡಲೇ ಚಿವುಟಿಹಾಕಬೇಕು, ಏಕೆಂದರೆ ಅದು ಗೆಡ್ಡೆಯ ಸತ್ವವನ್ನು ತಿನ್ನುತ್ತದೆ. ನೀವು ಕುತೂಹಲದಿಂದ ಮಾಡಿದ್ದೀರಿ, ಆದ್ದರಿಂದ ಒಂದನ್ನು ಬಿಡಿ. ನಾಲ್ಕರಿಂದ ಆರು ವಾರಗಳಲ್ಲಿ ಕಾಯಿ ಹಳದಿಗೆ ತಿರುಗಿ ಮೂರು ಸೀಳಾಗಿ ಬಿರಿಯುತ್ತದೆ, ಒಳಗೆ ಸುಟ್ಟ ಕಾಗದದ ಚೂರಿನಂತಹ ಕಪ್ಪು ಬೀಜಗಳು ಅಡುಕಿಕೊಂಡಿರುತ್ತವೆ. ಗಾಳಿಗೆ ಹಾರುವ ಮೊದಲು ಕಾಯಿಗೆ ತೆಳುಬಟ್ಟೆ ಕಟ್ಟಿಡಿ. ಬೀಜವನ್ನು ಮುಂದಿನ ವರ್ಷಕ್ಕೆಂದು ಡಬ್ಬಿಯಲ್ಲಿ ಇಡಬೇಡಿ, ಹಳೆಯದಾದಂತೆ ಮೊಳಕೆಯ ಶಕ್ತಿ ಕುಗ್ಗುತ್ತದೆ. ಅದೇ ವಾರ ಮರಳುಮಣ್ಣಿನ ತಟ್ಟೆಯಲ್ಲಿ ಹರಡಿ, ಬೀಜ ಮರೆಯಾಗುವಷ್ಟು ಮಾತ್ರ ಮಣ್ಣು ಉದುರಿಸಿ, ನೆರಳಿನಲ್ಲಿಡಿ. ಎರಡು ಮೂರು ವಾರಕ್ಕೆ ಈರುಳ್ಳಿ ಸಸಿಯಂತಹ ಎಳೆಗಳು ಏಳುತ್ತವೆ. ಅವು ಹೂ ಬಿಡುವುದಕ್ಕೆ ಮೂರು ನಾಲ್ಕು ವರ್ಷ ಬೇಕು, ಬಣ್ಣ ತಾಯಿಯಂತೆಯೇ ಇರುತ್ತದೆಂಬ ಭರವಸೆಯೂ ಇಲ್ಲ. ಒಂದನ್ನು ಮಾತ್ರ ನೆನಪಿಡಿ: ದೊಡ್ಡ ಗೆಡ್ಡೆಗೆ ಹೇಳಿದ ಒಣಗಿಸುವ ಕ್ರಮ ಈ ಸಸಿಗಳಿಗೆ ಅನ್ವಯಿಸುವುದಿಲ್ಲ, ಮೊದಲ ಎರಡು ವರ್ಷ ಅವಕ್ಕೆ ಜನವರಿಯಲ್ಲಿಯೂ ನೀರು ಹಾಕುತ್ತಿರಿ.